ಆರ್ಕೆಸ್ಟ್ರಾ ಜೊತೆಗೋ, ತಂಬೂರಿ ಜೊತೆಗೋ?
ಮುಂಬೈಯಲ್ಲಿದ್ದೀರಿ, ವರ್ಷಕ್ಕೊಂದು ದೊಡ್ಡ ಸಂಗೀತ ಕಛೇರಿಗಷ್ಟೇ ಬಿಡುವು. ಹಿಂದೂಸ್ತಾನಿ, ಕರ್ನಾಟಕಿ, ಕವ್ವಾಲಿ ಗಾಯಕರು ಚೇಂಬರ್ ಆರ್ಕೆಸ್ಟ್ರಾ (ಪಾಶ್ಚಾತ್ಯ ವಾದ್ಯಗಳ ಚಿಕ್ಕ ಮೇಳ) ಜೊತೆ ಹಾಡುವ ಕಾರ್ಯಕ್ರಮವೋ, ಡಿಸೆಂಬರ್‌ನಲ್ಲಿ ಪುಣೆಯ ಸವಾಯಿ ಗಂಧರ್ವ ಶಾಸ್ತ್ರೀಯ ಸಂಗೀತ ಉತ್ಸವವೋ?

ಮೊದಲನೆಯದರ ಮಜಾ ಇರುವುದೇ ಜಗ್ಗಾಟದಲ್ಲಿ. ಪಿಟೀಲಿನವರ ಮುಂದೆ ಬರೆದಿಟ್ಟ ಸ್ವರದ ಹಾಳೆ, ಗಾಯಕರ ಮುಂದೆ ಏನೂ ಇಲ್ಲ. ಆಲಾಪ ಇನ್ನೆರಡು ಸುತ್ತು ಬೆಳೆಯಲಿ ಅನ್ನುವಷ್ಟರಲ್ಲಿ ಹಾಳೆ ಮುಗಿದಿರುತ್ತದೆ. ಶ್ರುತಿಯದೂ ಅದೇ ಪಾಡು. ಗಂಡು ದನಿಯ ಷಡ್ಜ (ಆಧಾರದ ‘ಸ’) ಒಂದು ಕಡೆ, ಹೆಣ್ಣು ದನಿಯದು ಇನ್ನೊಂದು ಕಡೆ. ಯಾರಾದರೊಬ್ಬರು ಸೋಲಲೇಬೇಕು. ಆದರೂ ದೊಡ್ಡ ಪಿಟೀಲಿನಂಥ ಚೆಲ್ಲೋ ಒಂದೇ ಸ್ವರ ಹಿಡಿದು ತಂಬೂರಿಯಂತೆ ಗುಂಯ್ ಅಂದಾಗ ಮೈ ಜುಂ ಅನ್ನುತ್ತದೆ. ನರಿಮನ್ ಪಾಯಿಂಟ್‌ನ ಎನ್‌ಸಿಪಿಎಯಂಥ ಸಭಾಂಗಣವಾದರೆ ಸರಿ. ಬಯಲಲ್ಲಾದರೆ ಬೇಡ, ಮೈಕಿನ ಗದ್ದಲದಲ್ಲಿ ಚೆಲ್ಲೋ ಸುಮ್ನೆ ಕಳೆದುಹೋಗುತ್ತದೆ.

ಪುಣೆಯದು ನಮ್ಮ ಮನೆಯದೇ ಅಲ್ವಾ! ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ ಗದಗ ಸೀಮೆಯ ಗಾಯಕ ಭೀಮಸೇನ ಜೋಶಿ 1953ರಲ್ಲಿ ಶುರುಮಾಡಿದ್ದು. ಇಲ್ಲಿ ರಾಗಕ್ಕೆ ಪುರುಸೊತ್ತಿದೆ. ಮಂಡಿ ನೋವಿದ್ದರೆ ನೆಲದ ಟಿಕೆಟ್ ಬಿಟ್ಟು ಕುರ್ಚಿಯದು ತಗೊಳ್ಳಿ.

ಮಕ್ಕಳು ಜೊತೆಗಿದ್ದರೆ ಆರ್ಕೆಸ್ಟ್ರಾಗೇ ಹೋಗಿ, ಬೇಜಾರಾಗುವ ಮೊದಲೇ ಹಾಡು ಬದಲಾಗುತ್ತದೆ. ನಾನಂತೂ ಶಾಲು ಹೊದ್ದು ಪುಣೆ ರೈಲು ಹತ್ತುತ್ತೇನೆ.