ಉದ್ದನೆಯ ಗುಂಡೋ, ಡಬ್ಬಿ ಗುಂಡೋ?

ಪುಣೆಯಲ್ಲಿ ಮೆಕ್ಯಾನಿಕಲ್ ಓದುತ್ತಿರುವ ಅಕ್ಕನ ಮಗ ಸೆಮಿನಾರ್‌ಗೆ ವಿಷಯ ಆರಿಸಬೇಕಿತ್ತು. ಮಾಮೂಲಿ ಫಿರಂಗಿ ಗುಂಡೋ, ಟೆಲಿಸ್ಕೋಪ್ಡ್ ಗುಂಡೋ? ಅಡುಗೆಮನೆಯಲ್ಲೇ ತೋರಿಸಿದೆ. ಸ್ಟೀಲ್ ಲೋಟದ ಬಾಯಿಗೆ ಮೂಲಂಗಿ ಸಿಕ್ಕಿಸಿದರೆ ಮಾಮೂಲಿ ಗುಂಡು. ಮೂಲಂಗಿಯನ್ನು ಪೂರ್ತಿ ಒಳಗಿಳಿಸಿ ಸುತ್ತ ರವೆ ತುಂಬಿದರೆ ಟೆಲಿಸ್ಕೋಪ್ಡ್, ಅಂದರೆ ಡಬ್ಬಿ ಗುಂಡು. ಲೋಟವೇ ಕೇಸ್, ಮೂಲಂಗಿಯೇ ಹಾರುವ ಸಿಡಿಗುಂಡು, ರವೆಯೇ ಸಿಡಿಮದ್ದು!

ಲೆಕ್ಕ ನೋಡಿ. ಬೋಫೋರ್ಸ್ ಎಲ್/70 ವಿಮಾನ ನಿರೋಧಕ ಫಿರಂಗಿಯ 40 ಮಿ.ಮೀ. ಗುಂಡಿಗೆ ಕೇಸ್ ಒಂದೇ ಸುಮಾರು 364 ಮಿ.ಮೀ. ಉದ್ದ, ಸಿಡಿಗುಂಡು ಬೇರೆ ಹೊರಗೆ ಚಾಚಿರುತ್ತದೆ. ಅದೇ 40 ಮಿ.ಮೀ. ಟೆಲಿಸ್ಕೋಪ್ಡ್ ಗುಂಡು ಇಡಿಯಾಗಿ 255 ಮಿ.ಮೀ. ಯುದ್ಧವಾಹನದ ಮೇಲೆ ಗನ್ ಕೂರಿಸುವ ಇಕ್ಕಟ್ಟಾದ ಗೋಪುರದಲ್ಲಿ ಇದು ದೊಡ್ಡ ಲಾಭ ಅಲ್ವಾ?

ನನಗೆ ಜಾಸ್ತಿ ಇಷ್ಟವಾಗೋದು ಅದರ ಗನ್. ಗುಂಡಿನ ಕೋಣೆ 90 ಡಿಗ್ರಿ ತಿರುಗುತ್ತದೆ, ಪಕ್ಕದಿಂದ ಹೊಸ ಗುಂಡು ಒಳಬರುತ್ತದೆ, ಅದೇ ಹಳೆ ಖಾಲಿ ಕೇಸನ್ನು ಆಚೆ ತಳ್ಳುತ್ತದೆ. ಬ್ರಿಟನ್ನಿನ ಏಜಾಕ್ಸ್, ಫ್ರಾನ್ಸಿನ ಜಾಗ್ವಾರ್ ಎಂಬ ಕವಚ ವಾಹನಗಳಲ್ಲಿ ಇದೇ ಗನ್ ಇದೆ.

ಆದರೆ ಹೊಸ ಗುಂಡಿಗೆ ಹೊಸ ಗನ್ನೇ ಬೇಕು. ನಮ್ಮ ಸೇನೆಯ ಬಿಎಂಪಿ-2 ಕವಚ ವಾಹನದ 30 ಮಿ.ಮೀ. ಫಿರಂಗಿಗೆ ಅದು ಹೊಂದುವುದಿಲ್ಲ. ಕೈಯಲ್ಲಿರುವ ಗನ್ನು, ದಾಸ್ತಾನು ಮುಖ್ಯ ಅನ್ನುವ ಸೇನೆಗೆ ಮಾಮೂಲಿಯೇ ಸರಿ. ಸೆಮಿನಾರ್‌ಗೆ ಮಾತ್ರ ಡಬ್ಬಿ ಗುಂಡನ್ನೇ ತಗೋ ಅಂದೆ. ಆ ತಿರುಗುವ ಕೋಣೆಯ ಚಿತ್ರವನ್ನು ಅವನು ಆಗಲೇ ಬಿಡಿಸತೊಡಗಿದ್ದ.