ಶಿಪ್‌ಮನ್ ಕೊಲೆಗಳ ನಂತರ ಬಂದ ಮೆಡಿಕಲ್ ಎಗ್ಸಾಮಿನರ್ ಸೇವೆ: ಮನೆಯವರಿಗೆ ಎಷ್ಟು ಉಪಯೋಗ?

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಊರಿನ ಜಿಪಿ (ಕುಟುಂಬ ವೈದ್ಯ) ಹೆರಾಲ್ಡ್ ಶಿಪ್‌ಮನ್ ರೋಗಿಗಳಿಗೆ ಡೈಯಾಮಾರ್ಫಿನ್ ಎಂಬ ಪ್ರಬಲ ನೋವು ನಿವಾರಕ ಚುಚ್ಚಿ ಕೊಲ್ಲುತ್ತಿದ್ದ, ಸಾವಿನ ಕಾರಣ ಬರೆದು ಸಹಿ ಹಾಕುತ್ತಿದ್ದವನೂ ಅವನೇ. 2000ರ ಜನವರಿಯಲ್ಲಿ 15 ಕೊಲೆಗಳು ಸಾಬೀತಾದವು. ಆಮೇಲಿನ ಸಾರ್ವಜನಿಕ ವಿಚಾರಣೆ 215 ಮಂದಿಯನ್ನು ಗುರುತಿಸಿತು. ಹೆಚ್ಚಿನವರು ವಯಸ್ಸಾದ ಹೆಂಗಸರು. ಎಷ್ಟೋ ಜನ ಉಟ್ಟ ಬಟ್ಟೆಯಲ್ಲಿ, ಕುರ್ಚಿಯಲ್ಲಿ ಕೂತಂತೆಯೇ ಸತ್ತಿದ್ದರು. ಸಾವಿನ ನಂತರ ಅವನು ರೋಗಿಯ ಕಂಪ್ಯೂಟರ್ ದಾಖಲೆಯಲ್ಲಿ ಹಳೆಯ ತಾರೀಕು ಹಾಕಿ ಇಲ್ಲದ ಕಾಯಿಲೆ ಟೈಪ್ ಮಾಡುತ್ತಿದ್ದ. ಟೈಪ್ ಮಾಡಿದ ನಿಜವಾದ ಹೊತ್ತು ಕಂಪ್ಯೂಟರಿನೊಳಗೆ ಉಳಿದು, ಅವನ ವಿರುದ್ಧ ಸಾಕ್ಷಿಯಾಯಿತು. ದಹನಕ್ಕೆ ಇನ್ನೊಬ್ಬ ವೈದ್ಯರ ಸಹಿಯೂ ಬೇಕಿತ್ತು, ಆದರೆ ಅವರು ಇವನ ಮಾತನ್ನೇ ನಂಬಿ ಬರೆದುಕೊಡುತ್ತಿದ್ದರು.

ಆ ಕಿಂಡಿ ಮುಚ್ಚಲು ಬಂದದ್ದೇ ಈ ಸೇವೆ. 2024ರ ಸೆಪ್ಟೆಂಬರ್ 9ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಡ್ಡಾಯ. ಚಿಕಿತ್ಸೆ ಕೊಟ್ಟ ವೈದ್ಯರು ಬರೆದ ಪ್ರಮಾಣಪತ್ರವನ್ನು, ಆ ಚಿಕಿತ್ಸೆಗೆ ಸಂಬಂಧವೇ ಇಲ್ಲದ ಹಿರಿಯ ವೈದ್ಯರು, ಅಂದರೆ ಮೆಡಿಕಲ್ ಎಗ್ಸಾಮಿನರ್, ದಾಖಲೆಗಳ ಜೊತೆ ಹೋಲಿಸಿ ನೋಡಿ, ಒಪ್ಪಿದರೆ ಸಾವನ್ನು ನೋಂದಾಯಿಸುವ ರಿಜಿಸ್ಟ್ರಾರ್‌ಗೆ ಕಳಿಸುತ್ತಾರೆ. ಐದು ದಿನದ ನೋಂದಣಿ ಗಡುವು ಶುರುವಾಗುವುದೂ ಅಲ್ಲಿಂದಲೇ. ಕೊರೋನರ್ (ಅನುಮಾನಾಸ್ಪದ ಸಾವುಗಳನ್ನು ವಿಚಾರಿಸುವ ಅಧಿಕಾರಿ) ತನಿಖೆಗೆ ಹೋದ ಸಾವುಗಳು ಇವರ ಬಳಿ ಬರುವುದಿಲ್ಲ. ಮನೆಯವರು ಕಾಸು ಕೊಡಬೇಕಿಲ್ಲ. ದಹನಕ್ಕೆಂದು ವೈದ್ಯರಿಗೆ ಕೊಡುತ್ತಿದ್ದ 82 ಪೌಂಡೂ ಈಗ ಉಳಿಯುತ್ತದೆ.

ಈ ಸೇವೆಯ ಜೀವಾಳ ಮೆಡಿಕಲ್ ಎಗ್ಸಾಮಿನರ್ ಕಚೇರಿಯಿಂದ ಮನೆಯವರಿಗೆ ಬರುವ ಫೋನು. ಬರೆದಿರುವ ಕಾರಣವನ್ನು ವಿವರಿಸಿ, ಆರೈಕೆಯ ಬಗ್ಗೆ ಏನಾದರೂ ಹೇಳಲಿಕ್ಕಿದೆಯೇ ಎಂದು ಕೇಳುತ್ತಾರೆ. ಆಗ ಸಂಕೋಚ ಬೇಡ. ಕೊನೆಗೆ ಯಾರು ನೋಡಿದ್ದು, ಯಾವ ಇಂಜೆಕ್ಷನ್ ಕೊಟ್ಟಿದ್ದು, ಹಿಂದಿನ ದಿನ ಹೇಗಿದ್ದರು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು ಹೇಳಿ. ಅನುಮಾನಕ್ಕೆ ಆಧಾರವಿದ್ದರೆ ಅವರು ಕೊರೋನರ್‌ಗೆ ಕಳಿಸುತ್ತಾರೆ. ಪೋಸ್ಟ್‌ಮಾರ್ಟಂಗೆ ಆದೇಶಿಸುವ ಅಧಿಕಾರ ಇರುವುದು ಕೊರೋನರ್‌ಗೇ.

ತಡವಾಗುವುದು ಸಾಮಾನ್ಯವಾಗಿ ಮೊದಲ ಮೆಟ್ಟಿಲಲ್ಲಿ. ರೋಗಿಯನ್ನು ನೋಡಿದ ಜಿಪಿ ರಜೆಯಲ್ಲಿದ್ದರೆ ಕಾಗದ ಅಲ್ಲೇ ಕೂರುತ್ತದೆ. ಅದೇ ಕ್ಲಿನಿಕ್‌ನಲ್ಲಿ ಅವರನ್ನು ನೋಡಿದ್ದ ಬೇರೆ ವೈದ್ಯರೂ ಬರೆಯಬಹುದು, ಅದನ್ನು ನೀವೇ ಕೇಳಿ. ಬೇಗ ಸಂಸ್ಕಾರ ಮಾಡಬೇಕೆಂದಿದ್ದರೆ ಸಾವಾದ ದಿನವೇ ಆಸ್ಪತ್ರೆಗೋ ಜಿಪಿಗೋ ತಿಳಿಸಿ, ಯಾವ ನಂಬರಿಗೆ ಫೋನ್ ಮಾಡಬೇಕೆಂದೂ ಬರೆಸಿಡಿ. ವಾರಾಂತ್ಯದ ಏರ್ಪಾಡು ಎಲ್ಲ ಕಡೆ ಒಂದೇ ಥರ ಇಲ್ಲ, ಇದು ದೊಡ್ಡ ಕೊರತೆ.

ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ಒಂದೊಂದು ಸಾವನ್ನೂ ಬಿಡಿಯಾಗಿ ನೋಡಿದರೆ ಶಿಪ್‌ಮನ್‌ನ ಕಡತಗಳು ಸಹಜವಾಗಿಯೇ ಕಾಣುತ್ತಿದ್ದವು. 1998ರ ಮಾರ್ಚ್‌ನಲ್ಲಿ ನೆರೆಯ ಕ್ಲಿನಿಕ್‌ನ ವೈದ್ಯೆ ಕೊರೋನರ್‌ಗೆ ದೂರಿದ್ದು ಸಾವುಗಳ ಸಂಖ್ಯೆಯನ್ನು ನೋಡಿ. ಪೊಲೀಸರು ಆ ತನಿಖೆ ಕೈಬಿಟ್ಟರು. ಸೆಪ್ಟೆಂಬರ್‌ನಲ್ಲಿ ಬಂಧನವಾಗುವ ಮೊದಲು ಅವನು ಇನ್ನೂ ಮೂವರನ್ನು ಕೊಂದ. ಒಬ್ಬೊಬ್ಬ ವೈದ್ಯರ ಹೆಸರಿನಲ್ಲಿ ಎಷ್ಟು ಸಾವು, ಎಲ್ಲಿ, ಯಾವ ಹೊತ್ತಿನಲ್ಲಿ ಎಂಬ ಲೆಕ್ಕವನ್ನು ಪ್ರತಿ ಮೆಡಿಕಲ್ ಎಗ್ಸಾಮಿನರ್ ಕಚೇರಿಯೂ ಕಡ್ಡಾಯವಾಗಿ ಇಡುವಂತಾಗಬೇಕು.