ಒಂದೇ ಅಲೆ, ನಾಲ್ಕು ನೂಲು: ಕೈಬಣ್ಣದ ಲೇಸ್ ಶಾಲುಗಳ ಹೋಲಿಕೆ

ಕೈಯಲ್ಲಿ ಬಣ್ಣ ಕಟ್ಟಿದ ನೂಲಿನಿಂದ ಲೇಸ್ ಶಾಲು, ಅಂದರೆ ಕಣ್ಣುಕಣ್ಣಾದ ತೆಳು ಶಾಲು, ಹೆಣೆಯಬೇಕೆಂದು ಹೊರಟವರು ಯಾವ ನೂಲು ತರಿಸಲಿ ಎಂದು ಕೇಳಿದರೆ, ನೀವಿರುವುದು ಎಲ್ಲಿ ಎಂದು ನಾನು ಮೊದಲು ಕೇಳುತ್ತೇನೆ. ಶಿರಸಿಯ ಡಿಸೆಂಬರ್ ಬೆಳಗಿಗೆ ಒಗ್ಗುವ ಶಾಲು, ಘಟ್ಟ ಇಳಿದು ಕಾರವಾರ ಮುಟ್ಟುವಷ್ಟರಲ್ಲಿ ಹೆಗಲಿನಿಂದ ಚೀಲಕ್ಕೆ ಹೋಗುತ್ತದೆ. ಎರಡೂ ಕಡೆ ನೆಂಟರಿರುವ ನಾನು ನಾಲ್ಕು ಬಗೆಯ ನೂಲಿನಲ್ಲಿ ಹೆಣೆದು, ಹೊದ್ದು, ಹೊದಿಸಿ, ಒಗೆದು ನೋಡಿದ್ದೇನೆ.

ಹೋಲಿಕೆ ನ್ಯಾಯವಾಗಿರಲೆಂದು ನಾಲ್ಕಕ್ಕೂ ವಿನ್ಯಾಸ ಒಂದೇ. ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳ ಹೆಣಿಗೆಯ ಮನೆತನಕ್ಕೆ ಸೇರಿದ, ‘ಫೆದರ್ ಅಂಡ್ ಫ್ಯಾನ್’ ಎಂದು ಕರೆಯುವ ಅಲೆ. ಉಂಗುರದೊಳಗಿಂದ ತೂರಿಸಿ ತೆಗೆಯಬಹುದಾದಷ್ಟು ನವುರಾದ ಮದುವೆ ಶಾಲುಗಳಿಗೆ ಹೆಸರಾದ ದ್ವೀಪಗಳು ಅವು. ಈ ಅಲೆ ಅಷ್ಟು ಕಠಿಣವಲ್ಲ. 18 ಕುಣಿಕೆಗಳ ಒಂದು ಘಟಕ, ನಾಲ್ಕು ಸಾಲಿನ ಆವರ್ತನೆ. ಮೂರು ಸಾಲು ಸಾದಾ. ಉಳಿದ ಒಂದು ಸಾಲಿನಲ್ಲಿ ಮಾತ್ರ ಕೆಲಸ: ಮೊದಲ ಆರು ಕುಣಿಕೆಗಳನ್ನು ಎರಡೆರಡಾಗಿ ಕೂಡಿಸಬೇಕು, ನಡುವಿನ ಆರರಲ್ಲಿ ಪ್ರತಿ ಕುಣಿಕೆಗೂ ಮುಂಚೆ ನೂಲನ್ನು ಕಡ್ಡಿಗೆ ಒಮ್ಮೆ ಸುತ್ತಬೇಕು, ಕೊನೆಯ ಆರನ್ನು ಮತ್ತೆ ಎರಡೆರಡಾಗಿ ಕೂಡಿಸಬೇಕು. ಕಳೆದದ್ದು ಆರು, ಕೂಡಿದ್ದು ಆರು. ಕೂಡಿಸಿದ ಕಡೆ ಬಟ್ಟೆ ತಗ್ಗುತ್ತದೆ, ಸುತ್ತಿದ ಕಡೆ ಕಣ್ಣು ತೆರೆದು ಉಬ್ಬುತ್ತದೆ. ಐದು ಘಟಕ, ಎರಡೂ ಅಂಚಿಗೆ ಮೂರು ಮೂರು, ಒಟ್ಟು 96 ಕುಣಿಕೆ. ಕಡ್ಡಿ 4 ಮಿಲಿಮೀಟರಿನ ಬಿದಿರಿನದು. ನೂಲು 100 ಗ್ರಾಂ ತೂಗಿದರೆ ಸುಮಾರು 800 ಮೀಟರ್ ಬರುವಷ್ಟು ತೆಳುವಾದದ್ದು.

ಮೊದಲನೆಯದು ಅಂಗಡಿಯ ಬಹುವರ್ಣದ ಮೆರಿನೊ ಕುರಿಯ ಉಣ್ಣೆ. ಒಂದೇ ಲಡಿಯಲ್ಲಿ ದಾಸವಾಳದ ಕೆಂಪು, ಎಳೆ ಹಸಿರು, ಗಾಢ ನೀಲಿ. ಹೆಣೆಯುವ ಸುಖಕ್ಕೆ ಇದನ್ನು ಮೀರಿಸಿದ್ದಿಲ್ಲ. ಇನ್ನೊಂದು ಗೇಣು ಹೆಣೆದರೆ ನೀಲಿ ಬರುತ್ತದೆ ಎಂಬ ಆಸೆಯಲ್ಲಿ ರಾತ್ರಿ ಹನ್ನೊಂದಾದರೂ ಕಡ್ಡಿ ಕೆಳಗಿಡಲು ಮನಸ್ಸಾಗುವುದಿಲ್ಲ. ಆದರೆ ಹೊದ್ದಾಗ ದೂರದಿಂದ ಕಾಣುವುದು ಬಣ್ಣ ಮಾತ್ರ, ಲೇಸು ಅದರಡಿ ಹೂತುಹೋಗಿರುತ್ತದೆ. ಅಲೆಯ ವಿನ್ಯಾಸದಲ್ಲಿ ಬಣ್ಣದ ಪಟ್ಟೆಗಳೂ ಬಳುಕುವುದರಿಂದ ಪರವಾಗಿಲ್ಲ. ಎಲೆ, ಬಳ್ಳಿಯ ಸೂಕ್ಷ್ಮ ವಿನ್ಯಾಸಗಳಿಗೆ ಈ ನೂಲನ್ನು ನಾನು ಮುಟ್ಟುವುದೇ ಇಲ್ಲ. ಇಂಥ ನೂಲು ಒಂದೇ ಕಡೆ ಕೆಂಪು, ಒಂದೇ ಕಡೆ ಹಸಿರು ಗುಂಪುಗೂಡುವ ಸ್ವಭಾವದ್ದು. ಎರಡು ಲಡಿ ಇಟ್ಟುಕೊಂಡು ಎರಡೆರಡು ಸಾಲಿಗೆ ಒಂದೊಂದನ್ನು ಬದಲಿಸುತ್ತ ಹೋದರೆ ಬಣ್ಣ ಹರಡಿಕೊಳ್ಳುತ್ತದೆ. ಇದು ಯಂತ್ರದಲ್ಲಿ ಒಗೆಯಬಹುದಾದ ಮೆರಿನೊ, ಇದರ ಎಳೆಯ ಮೇಲಿನ ಸೂಕ್ಷ್ಮ ಹುರುಪೆಯನ್ನು ರಾಸಾಯನಿಕದಿಂದ ಸವರಿ ನುಣುಪು ಮಾಡಿರುತ್ತಾರೆ. ಬಣ್ಣವನ್ನು ಅದು ಚೆನ್ನಾಗಿ ಕುಡಿಯುತ್ತದೆ, ಬಿಗಿಯನ್ನು ಮಾತ್ರ ಉಳಿಸಿಕೊಳ್ಳುವುದಿಲ್ಲ.

ಎರಡನೆಯದು ಅದೇ ಮೆರಿನೊ, ಆದರೆ ಸಂಸ್ಕರಿಸದ ಬಿಳಿ ನೂಲು, ಮನೆಯಲ್ಲೇ ಅಡಿಕೆ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಒಗರು ರಸದಲ್ಲಿ, ಬಣ್ಣ ಕಟ್ಟಿದ್ದು. ನನ್ನ ಒಲವು ಇದರ ಕಡೆಗಿದೆ. ಕೊನೆಕೊಯ್ಲು ಮುಗಿದು ಹಸಿ ಅಡಿಕೆ ಸುಲಿದು ಬೇಯಿಸುವ ದಿನಗಳಲ್ಲಿ ನಮ್ಮ ಕಡೆ ಚೊಗರಿಗೆ ಬರವಿಲ್ಲ. ಸಾಗರದ ಬಳಿ ಹೆಗ್ಗೋಡಿನ ಚರಕ ಸಂಸ್ಥೆಯವರು ಹತ್ತಿಯ ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣ ಹಾಕುವುದು ಹಲವರಿಗೆ ಗೊತ್ತು. ಉಣ್ಣೆಗೆ ಅದು ಇನ್ನೂ ಗಾಢವಾಗಿ ಹಿಡಿಯುತ್ತದೆ.

ಚೊಗರನ್ನು ಬಟ್ಟೆಯಲ್ಲಿ ಎರಡು ಸಲ ಸೋಸಿ, ನೀರು ಬೆರೆಸಿ ತೆಳು ಮಾಡಿಕೊಳ್ಳುತ್ತೇನೆ. ನೂಲನ್ನು ಮೊದಲೇ ಬಣ್ಣ ಹಿಡಿಸುವ ಪಟಿಕದ (ಆಲಂ) ಬೆಚ್ಚನೆಯ ನೀರಿನಲ್ಲಿ ನೆನೆಸಿರುತ್ತೇನೆ. ನೂಲಿನ ತೂಕದ ಹತ್ತನೇ ಒಂದು ಭಾಗದಷ್ಟು ಪಟಿಕ ಸಾಕು. ಆಮೇಲೆ ನೂಲನ್ನು ಚೊಗರಿನಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಕಾಯಿಸಬೇಕು, ಕುದಿಸಬಾರದು. ಕುದಿನೀರಿನಲ್ಲಿ ತಿರುವಿದರೆ, ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಅಂಟಿ ಕಂಬಳಿಯಂತಾಗುತ್ತವೆ. ರಾತ್ರಿಯಿಡೀ ಪಾತ್ರೆಯಲ್ಲೇ ಬಿಟ್ಟು ಬೆಳಿಗ್ಗೆ ಎತ್ತಿದರೆ ಒಳ್ಳೆಯ ಕೆಂಗಂದು. ಪಾತ್ರೆಯಲ್ಲಿ ನೂಲು ಒತ್ತಾಗಿ ಕುಳಿತಲ್ಲಿ ಬಣ್ಣ ತುಸು ತೆಳು, ಸಡಿಲವಾಗಿದ್ದಲ್ಲಿ ಗಾಢ. ಬಣ್ಣ ಒಂದೇ ಆದರೂ ಏರಿಳಿತ ಇರುತ್ತದೆ, ಲೇಸಿಗೆ ಬೇಕಾದದ್ದು ಇದೇ. ಕಣ್ಣುಗಳ ಸಾಲು ಎದ್ದು ಕಾಣುತ್ತದೆ, ಅಲೆಯ ತಗ್ಗಿನಲ್ಲಿ ನೆರಳು ಬಿದ್ದ ಹಾಗಿರುತ್ತದೆ, ಸಾದಾ ನೂಲಿನ ಸಪ್ಪೆತನವೂ ಇಲ್ಲ. ಬೂದುಗಪ್ಪು ಬೇಕಿದ್ದರೆ ಕೊನೆಯಲ್ಲಿ ತುಕ್ಕು ಹಿಡಿದ ಮೊಳೆ ನೆನೆಸಿದ ನೀರಿನಲ್ಲಿ ಒಂದು ಕ್ಷಣ ಅದ್ದಿ ತೆಗೆಯಿರಿ. ಚೊಗರಿನ ಒಗರಿನ ಅಂಶವಾದ ಟ್ಯಾನಿನ್ ಕಬ್ಬಿಣ ಸೋಕಿದೊಡನೆ ಕಪ್ಪಾಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಎಳೆ ದುರ್ಬಲವಾಗುವುದರಿಂದ ಈ ಕೆಲಸವನ್ನು ಪಾತ್ರೆಯ ಮುಂದೆಯೇ ನಿಂತು ಮಾಡಬೇಕು.

ರೇಷ್ಮೆ ಮೂರನೆಯದು. ಹಿಪ್ಪುನೇರಳೆ ರೇಷ್ಮೆಯ ನೂಲಿನ ಹೊಳಪಿಗೆ ಸಾಟಿಯಿಲ್ಲ. ಮದುವೆ, ಮುಂಜಿಗೆ ಹೊದ್ದುಹೋಗುವ ಶಾಲು ಇದರದೇ ಆಗಬೇಕು. ಹೆಣೆಯುವುದು ಮಾತ್ರ ತಾಳ್ಮೆಯ ಕೆಲಸ. ಉಕ್ಕಿನ ಕಡ್ಡಿಯಿಂದ ಕುಣಿಕೆ ಜಾರಿ ಬೀಳುತ್ತದೆ, ಬಿದಿರು ಹಿಡಿದುಕೊಳ್ಳುತ್ತದೆ. ಅಡಿಕೆ ಸುಲಿದು ಒರಟಾದ ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುವುದರಿಂದ ಸುಲಿಯುವ ಕಾಲದಲ್ಲಿ ನಾನು ರೇಷ್ಮೆಯನ್ನು ಎತ್ತಿಡುತ್ತೇನೆ. ಉಣ್ಣೆಗಿರುವ ಹಿಗ್ಗಿ ಕುಗ್ಗುವ ಗುಣ ಇದಕ್ಕಿಲ್ಲ. ತನ್ನ ಭಾರಕ್ಕೆ ತಾನೇ ಇಳಿಬಿದ್ದು ಶಾಲು ಉದ್ದವಾಗುತ್ತದೆ, ಮೊಳೆಗೆ ನೇತುಹಾಕಿದರೆ ಇನ್ನೂ ಬೇಗ. ಮಡಚಿಯೇ ಇಡಬೇಕು.

ಇನ್ನು ಹತ್ತಿ. ಲೇಸ್ ಹೆಣೆಯುವವರು ಹತ್ತಿಯನ್ನು ಕೀಳಾಗಿ ಕಾಣುವುದನ್ನು ಕೇಳಿದ್ದೇನೆ, ನಾನು ಒಪ್ಪುವುದಿಲ್ಲ. ಕರಾವಳಿಯಲ್ಲಿ ಉಣ್ಣೆ ಹೊದೆಯುವ ದಿನಗಳು ಎಷ್ಟಿದ್ದಾವು? ಬೇಕಾದದ್ದು ಸಂಜೆಯ ಕಡಲಗಾಳಿಗೆ, ಬಸ್ಸಿನ ಕಿಟಕಿಯ ಗಾಳಿಗೆ ಹೆಗಲ ಮೇಲೊಂದು ತೆಳು ಹೊದಿಕೆ. ಹತ್ತಿಗೂ ಚೊಗರನ್ನೇ ಹಾಕಿದೆ, ಆದರೆ ಕೊನೆಯಲ್ಲಿ ಸುಣ್ಣದ ತಿಳಿನೀರಿನಲ್ಲಿ ಅದ್ದಿದೆ. ಎಲೆಯಡಿಕೆಯ ಕವಳದಲ್ಲಿ ಅಡಿಕೆಗೆ ಸುಣ್ಣ ಕೂಡಿದಾಗ ಏಳುವ ಕೆಂಪೇ ನೂಲಿನ ಮೇಲೂ ಏಳುತ್ತದೆ. ಉಣ್ಣೆ, ರೇಷ್ಮೆಗೆ ಸುಣ್ಣ ಕೂಡದು, ಕ್ಷಾರ ಅವುಗಳ ಎಳೆಯನ್ನು ತಿನ್ನುತ್ತದೆ; ಹತ್ತಿ ತಡೆದುಕೊಳ್ಳುತ್ತದೆ. ಹತ್ತಿಯಲ್ಲಿ ಅಲೆಯ ಉಬ್ಬು ಕಡಿಮೆ, ಕಣ್ಣುಗಳು ಬಲೆಯ ಕಣ್ಣಿನಂತೆ ಬಿಡಿಬಿಡಿಯಾಗಿ, ಖಚಿತವಾಗಿ ನಿಲ್ಲುತ್ತವೆ. ನೂಲು ಸ್ವಲ್ಪವೂ ಹಿಗ್ಗದ ಕಾರಣ ಎರಡು ಕುಣಿಕೆ ಕೂಡಿಸುವ ಸಾಲಿನಲ್ಲಿ ಮಣಿಕಟ್ಟು ನೋಯುತ್ತದೆ, ಅರ್ಧ ಗಂಟೆಗೊಮ್ಮೆ ಕೈ ಬಿಡಿಸಿಕೊಳ್ಳಬೇಕು. ಕಾರವಾರದ ಚಿಕ್ಕಮ್ಮನ ಮುಂದೆ ನಾಲ್ಕನ್ನೂ ಹರವಿದಾಗ ಅವರು ರೇಷ್ಮೆಯನ್ನು ಸವರಿ ನೋಡಿ, ಹತ್ತಿಯದನ್ನು ಹೊದ್ದುಕೊಂಡರು. “ಇದು ಹೆಗಲ ಮೇಲಿದ್ದದ್ದೇ ಗೊತ್ತಾಗುವುದಿಲ್ಲ ಕೂಸೇ, ಇದನ್ನು ಇಲ್ಲೇ ಬಿಟ್ಟುಹೋಗು” ಎಂದರು. ಬಿಟ್ಟು ಬಂದೆ.

ಬೇರೆ ಬಣ್ಣಗಳ ಬಗ್ಗೆ ಎರಡು ಮಾತು. ಮುರುಗಲು (ಪುನರ್ಪುಳಿ) ಸಿಪ್ಪೆಯ ಕೆಂಪು ಪಾತ್ರೆಯಲ್ಲಿ ಕಣ್ಣು ಕೋರೈಸುತ್ತದೆ, ಸೋಪು ಮುಟ್ಟಿದರೆ ಬಣ್ಣ ತಿರುಗುತ್ತದೆ. ಅರಿಸಿನ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ. ಹಳದಿ ಬೇಕಾದವರು ಹಲಸಿನ ಮರದ ಕೆಚ್ಚಿನ ಚೂರುಗಳನ್ನು ಬಡಗಿಯಿಂದ ಕೇಳಿ ತಂದು ಕುದಿಸಿ ಸೋಸಲಿ, ಪಟಿಕ ಹಾಕಿದ ಉಣ್ಣೆಯ ಮೇಲೆ ಅದು ಗಟ್ಟಿಯಾಗಿ ನಿಲ್ಲುತ್ತದೆ.

ಹೆಣೆದು ಮುಗಿದ ಲೇಸು ಮುದುಡಿದ ಮುದ್ದೆಯಾಗಿರುತ್ತದೆ. ಅದನ್ನು ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಎಳೆದು ಗುಂಡುಸೂಜಿ ಚುಚ್ಚಿ ಒಣಗಿಸಿದಾಗಲೇ ಕಣ್ಣು ಬಿಡುವುದು. ನಾಲ್ಕು ನೂಲುಗಳ ನಿಜವಾದ ಅಂತರ ಗೊತ್ತಾದದ್ದು ಇಲ್ಲಿ. ಸಂಸ್ಕರಿಸದ ಮೆರಿನೊ ಎಳೆದ ಆಕಾರವನ್ನು ಮುಂದಿನ ಒಗೆತದವರೆಗೂ ಹಿಡಿದುಕೊಂಡಿತು, ಅಂಚಿನ ಅಲೆಯ ಒಂದೊಂದು ತುದಿಯೂ ಚೂಪಾಗಿ ಉಳಿಯಿತು. ಬಹುವರ್ಣದ ಮೆರಿನೊ ಕೆಲವು ಸಲ ಹೊದ್ದ ಮೇಲೆ ಸಡಿಲಾಯಿತು. ರೇಷ್ಮೆ ಸಪಾಟಾಗಿ, ನೀರಿನಂತೆ ಇಳಿಬಿದ್ದಿತು. ಹತ್ತಿಯನ್ನು ಪ್ರತಿ ಒಗೆತದ ಬಳಿಕವೂ ಕೈಯಿಂದ ಎಳೆದು ಹರವಬೇಕು.

ಚೊಗರಿನ ಶಾಲನ್ನು ಚುಚ್ಚಲು ತುಕ್ಕು ಹಿಡಿಯದ ಸೂಜಿಯೇ ಬೇಕು. ಶಿರಸಿಯ ಆಷಾಢದಲ್ಲಿ ಶಾಲು ಒಣಗಲು ಎರಡು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಸಾಧಾರಣ ಗುಂಡುಸೂಜಿ ತುಕ್ಕು ಬಿಟ್ಟರೆ ಅಂಚಿನುದ್ದಕ್ಕೂ ಕಪ್ಪು ಚುಕ್ಕೆ ಮೂಡುತ್ತದೆ, ಮತ್ತೆ ಹೋಗುವುದಿಲ್ಲ. ಮೊದಲ ಬಾರಿ ಹೆಣೆಯುವವರು ಘಟ್ಟದ ಮೇಲಿದ್ದರೆ ಸಂಸ್ಕರಿಸದ ಮೆರಿನೊದಿಂದ, ಕೆಳಗಿದ್ದರೆ ಹತ್ತಿಯಿಂದ ಶುರುಮಾಡಿ. ಪ್ರತಿ ಆವರ್ತನೆಯ ಕೊನೆಗೆ ಒಂದು ನುಣುಪಾದ ಬಣ್ಣದ ದಾರವನ್ನು ಎಲ್ಲ ಕುಣಿಕೆಗಳೊಳಗಿಂದ ಪೋಣಿಸಿಡಿ. ಮುಂದೆ ಲೆಕ್ಕ ತಪ್ಪಿದರೂ ಅಲ್ಲಿಯವರೆಗೆ ಮಾತ್ರ ಬಿಚ್ಚಿದರೆ ಸಾಕು.